ರೆಕ್ಕೆ ಅವರೆ: ಬಳ್ಳಿ ಚಪ್ಪರ ತುಂಬಿಯೂ ಬುಡದಲ್ಲಿ ಗೆಡ್ಡೆ ಕಟ್ಟದಿದ್ದಾಗ ದೋಷ ಪತ್ತೆ ಮಾಡುವ ಕ್ರಮ

ರೆಕ್ಕೆ ಅವರೆಯನ್ನು ಗೆಡ್ಡೆಗೆಂದು ಬೆಳೆದವರ ದೂರು ಹೆಚ್ಚುಕಡಿಮೆ ಒಂದೇ ಬಗೆಯದಾಗಿರುತ್ತದೆ. ಬಳ್ಳಿ ಚಪ್ಪರವನ್ನು ಮುಚ್ಚಿ ಪಕ್ಕದ ನುಗ್ಗೆ ಮರಕ್ಕೂ ಹಬ್ಬಿರುತ್ತದೆ, ಎಲೆ ಕಡುಹಸಿರಾಗಿರುತ್ತದೆ, ಸೊಪ್ಪು ವಾರಕ್ಕೆರಡು ಸಲ ಬಸ್ಸಾರಿಗೆ ಸಿಗುತ್ತದೆ; ಆದರೆ ಸಂಕ್ರಾಂತಿಯ ಹೊತ್ತಿಗೆ ಗುದ್ದಲಿ ಹಿಡಿದು ಬುಡ ಅಗೆದರೆ ಪೆನ್ಸಿಲ್ ಗಾತ್ರದ ಬೇರುಗಳ ಹೊರತು ಬೇರೇನೂ ಕಾಣುವುದಿಲ್ಲ. ಇಂಥ ಗಿಡಕ್ಕೆ ಸಾಮಾನ್ಯವಾಗಿ ಕೊಡುವ ಮದ್ದು ಯೂರಿಯಾ. ನನ್ನ ಅನುಭವದಲ್ಲಿ ಅದು ದೋಷವನ್ನು ಇನ್ನಷ್ಟು ಆಳಕ್ಕೆ ಇಳಿಸುವ ಮದ್ದು. ಗೆಡ್ಡೆ ಕಟ್ಟದಿರುವುದಕ್ಕೆ ಕಾರಣ ಬಹುಪಾಲು ಗೊಬ್ಬರದಲ್ಲಿರುವುದಿಲ್ಲ. ಬಿತ್ತಿದ ದಿನದಲ್ಲಿ, ರಾತ್ರಿಯ ಬೆಳಕಿನಲ್ಲಿ, ಬೀಜದ ಮೂಲದಲ್ಲಿ ಅಥವಾ ಬೇರಿನ ರೋಗದಲ್ಲಿ ಇರುತ್ತದೆ. ಇವುಗಳನ್ನು ಇದೇ ಅನುಕ್ರಮದಲ್ಲಿ ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ಮೊದಲ ಮೂರಕ್ಕೆ ಗಿಡವನ್ನು ಮುಟ್ಟುವ ಅಗತ್ಯವೇ ಇಲ್ಲ.

ಪರೀಕ್ಷೆಗೆ ಮೊದಲು ಗಿಡ ಅದೇ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಸೋಫೋಕಾರ್ಪಸ್ ಟೆಟ್ರಾಗೋನೋಲೋಬಸ್ ಎಂಬ ಸಸ್ಯನಾಮದ ಈ ಬಳ್ಳಿಗೆ ಒಂದು ತೊಟ್ಟಿನಲ್ಲಿ ಮೂರು ಎಲೆಗಳಿರುತ್ತವೆ, ಹೂವು ತಿಳಿನೀಲಿ ಅಥವಾ ಬಿಳಿ ಬಣ್ಣದ್ದು, ಕಾಯಿಗೆ ನಾಲ್ಕು ಮೂಲೆಗಳಲ್ಲಿ ಅಲೆಯಲೆಯಾದ ರೆಕ್ಕೆಗಳಿರುತ್ತವೆ. ಕಾಯಿ ಬಿಡುವ ಮುನ್ನ ಎಲೆಯೊಂದನ್ನೇ ನೋಡಿ ಗುರುತು ಹಿಡಿಯುವುದು ಸುಲಭವಲ್ಲ. ಬೇಲಿಯ ಮೇಲೆ ತಾನಾಗಿ ಹಬ್ಬುವ ನಸುಗುನ್ನಿಯ ಎಲೆಯೂ ಮೂರರ ಗೊಂಚಲೇ. ರೆಕ್ಕೆ ಅವರೆಯ ಎಲೆ, ಚಿಗುರು, ಹೂವು, ಎಳೆಗಾಯಿ, ಬೀಜ, ಗೆಡ್ಡೆ ಎಲ್ಲವೂ ತಿನ್ನಲು ಬರುತ್ತವೆ ಎಂಬ ಮಾತು ಈ ಒಂದು ಗಿಡಕ್ಕೆ ಮಾತ್ರ ಸಲ್ಲುತ್ತದೆ. ಬೇಲಿಯ ಬೇರೆ ದ್ವಿದಳ ಬಳ್ಳಿಗಳಿಗೆ ಅದನ್ನು ಅನ್ವಯಿಸಿಕೊಂಡರೆ ಅಪಾಯವಾಗುತ್ತದೆ. ಅಂತೆಯೇ ಎಚ್.ಡಿ. ಕೋಟೆ, ಹುಣಸೂರು ಕಡೆಯ ಕಾಡಂಚಿನಲ್ಲಿ ಜೇನು ಕುರುಬರು ಅಗೆದು ತರುವ ಕಾಡುಗೆಣಸುಗಳಲ್ಲಿ ಹೆಚ್ಚಿನವು ದ್ವಿದಳ ಜಾತಿಗೆ ಸೇರಿದವಲ್ಲ. ಅವುಗಳ ಗಾತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ರೆಕ್ಕೆ ಅವರೆಯ ಬುಡ ಅಗೆದವರಿಗೆ ನಿರಾಸೆಯಾಗುವುದು ಸಹಜ. ರೆಕ್ಕೆ ಅವರೆಯ ಒಳ್ಳೆಯ ಗೆಡ್ಡೆ ಎಂದರೆ ಗೇಣುದ್ದದೊಳಗಿನ, ಎರಡರಿಂದ ನಾಲ್ಕು ಸೆಂಟಿಮೀಟರ್ ದಪ್ಪದ, ಕಂದು ಸಿಪ್ಪೆಯ, ಬಿಳಿ ತಿರುಳಿನ ಗೆಡ್ಡೆ. ಅಷ್ಟು ಸಿಕ್ಕಿದ್ದರೆ ಅಲ್ಲಿ ದೋಷವೇ ಇಲ್ಲ.

ಮೊದಲ ಪರೀಕ್ಷೆ: ಬಿತ್ತಿದ ದಿನ ಯಾವುದು

ರೆಕ್ಕೆ ಅವರೆಯ ಹೆಚ್ಚಿನ ತಳಿಗಳು ಹಗಲು ಕಿರಿದಾದಾಗ ಮಾತ್ರ ಹೂಬಿಡುತ್ತವೆ, ಗೆಡ್ಡೆ ಕಟ್ಟುವುದಕ್ಕೂ ಅದೇ ಸೂಚನೆಗೆ ಕಾಯುತ್ತವೆ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಜೂನ್ ಕೊನೆಯ ವಾರದಲ್ಲಿ ಹಗಲು ಸುಮಾರು 12 ಗಂಟೆ 50 ನಿಮಿಷ ಇದ್ದು, ಡಿಸೆಂಬರ್ ಕೊನೆಯ ವಾರದಲ್ಲಿ 11 ಗಂಟೆ 25 ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ನಮಗೆ ಗಮನಕ್ಕೇ ಬಾರದ ಈ ಒಂದೂವರೆ ಗಂಟೆಯೊಳಗಿನ ವ್ಯತ್ಯಾಸವನ್ನು ಬಳ್ಳಿ ಲೆಕ್ಕವಿಡುತ್ತದೆ. ಹಗಲು 12 ಗಂಟೆಗಿಂತ ಕಡಿಮೆಯಾಗುವುದು ಅಕ್ಟೋಬರ್ ಮೊದಲ ವಾರದ ಹೊತ್ತಿಗೆ, ಅಂದರೆ ಹಸ್ತ ಮಳೆಯ ದಿನಗಳಲ್ಲಿ. ಆದ್ದರಿಂದ ಜೂನ್ ಕೊನೆಯ ಆರಿದ್ರಾ ಮಳೆಗೆ ಬಿತ್ತಿದ ಬಳ್ಳಿಗೆ ಹೂಬಿಡುವ ಮುನ್ನ ಮೂರು ತಿಂಗಳಿಗೂ ಹೆಚ್ಚು ಕಾಲ ಎಲೆ ಬೆಳೆಸಿಕೊಳ್ಳಲು ಅವಕಾಶ ಸಿಗುತ್ತದೆ, ಆ ಎಲೆಯ ಬಲದಲ್ಲಿ ಅದು ಅಕ್ಟೋಬರ್‌ನಿಂದ ಜನವರಿಯವರೆಗೆ ಗೆಡ್ಡೆ ತುಂಬಿಸುತ್ತದೆ.

ಶ್ರೀರಂಗಪಟ್ಟಣ ತಾಲ್ಲೂಕಿನ ನಮ್ಮ ಹಿತ್ತಲಿನಲ್ಲಿ ನಾನು ಮೊದಲ ಸಲ ಬಿತ್ತಿದ್ದು ಜನವರಿಯಲ್ಲಿ. ನಾಲೆಯಲ್ಲಿ ನೀರಿತ್ತು, ಮಡಿ ಖಾಲಿಯಿತ್ತು, ಬೇರೆ ಕಾರಣವೇನೂ ಇರಲಿಲ್ಲ. ಸಸಿ ಬಲಿಯುವಷ್ಟರಲ್ಲಿ ಮಾರ್ಚ್ ಬಂದು ಹಗಲು ಹಿಗ್ಗಿತು; ಆಮೇಲೆ ಬಳ್ಳಿ ಅಕ್ಟೋಬರ್‌ವರೆಗೂ ಎಲೆಯನ್ನಲ್ಲದೆ ಬೇರೇನನ್ನೂ ಕೊಡಲಿಲ್ಲ. ಜುಲೈನಲ್ಲಿ ಅಗೆದು ನೋಡಿ, ಗೆಡ್ಡೆಯಿಲ್ಲವೆಂದು ಯೂರಿಯಾ ಕೊಟ್ಟೆ. ಎಲೆ ಇನ್ನೂ ದಟ್ಟವಾಯಿತು, ಬೇರು ಹಾಗೆಯೇ ಉಳಿಯಿತು. ಆ ಗಿಡದಲ್ಲಿ ದೋಷವಿರಲಿಲ್ಲ, ನಾನು ಅಗೆದ ತಿಂಗಳಿನಲ್ಲಿ ದೋಷವಿತ್ತು. ಹೀಗಾಗಿ ಬೇಸಿಗೆಯಲ್ಲಿ ಬಿತ್ತಿದ ಬಳ್ಳಿಗೆ ಅಕ್ಟೋಬರ್‌ಗೆ ಮೊದಲು ಗೆಡ್ಡೆಯಿಲ್ಲದಿದ್ದರೆ ಏನನ್ನೂ ಮಾಡಬೇಕಾಗಿಲ್ಲ, ಕಾಯಬೇಕು.

ಇದಕ್ಕೆ ವಿರುದ್ಧವಾದ ತಪ್ಪು ಭತ್ತದ ಕೊಯ್ಲಿನ ನಂತರ ಅಥವಾ ಹಿಂಗಾರು ಮಳೆ ನಂಬಿ ಅಕ್ಟೋಬರ್–ನವೆಂಬರ್‌ನಲ್ಲಿ ಬಿತ್ತುವುದು. ಆಗ ಬಳ್ಳಿ ಹುಟ್ಟುವುದೇ ಕಿರಿಹಗಲಿನಲ್ಲಿ. ಸೊಂಟದೆತ್ತರ ಬರುವಷ್ಟರಲ್ಲಿ ಅದು ಹೂಬಿಟ್ಟುಬಿಡುತ್ತದೆ. ಗೆಡ್ಡೆ ಕಟ್ಟುವ ಸೂಚನೆ ಸಿಕ್ಕಿದ್ದರೂ ತುಂಬಿಸಲು ಬೇಕಾದ ಎಲೆ ಅದರ ಬಳಿ ಇರುವುದಿಲ್ಲ. ಬಳ್ಳಿ ಗಿಡ್ಡ, ಹೂವು ಬೇಗ, ಗೆಡ್ಡೆ ಬೆರಳುಗಾತ್ರ ಎಂಬ ಮೂರು ಲಕ್ಷಣಗಳು ಒಟ್ಟಿಗೆ ಕಂಡರೆ ತಡವಾದ ಬಿತ್ತನೆಯೇ ಕಾರಣವೆಂದು ತೀರ್ಮಾನಿಸಬಹುದು. ಆ ವರ್ಷ ಗೊಬ್ಬರ ಸುರಿಯುವುದರಿಂದ ಪ್ರಯೋಜನವಿಲ್ಲ. ಮೂಲತಃ ಬಹುವಾರ್ಷಿಕವಾದ ಈ ಬಳ್ಳಿ ಬುಡದ ಗೆಡ್ಡೆಯಿಂದ ಮತ್ತೆ ಚಿಗುರಬಲ್ಲದು. ಬೇಸಿಗೆಯಲ್ಲಿ ಬುಡಕ್ಕೆ ತರಗೆಲೆ ಮುಚ್ಚಿ, ಮಣ್ಣು ಪೂರ್ತಿ ಒಣಗದಂತೆ ಆಗಾಗ ನೀರು ಕೊಟ್ಟು ಉಳಿಸಿಕೊಂಡರೆ ಮುಂದಿನ ಅಕ್ಟೋಬರ್‌ಗೆ ಅದಕ್ಕೆ ಸಾಕಷ್ಟು ಎಲೆ ಬಂದಿರುತ್ತದೆ.

ಬಿತ್ತನೆಯ ಲೆಕ್ಕ ಸರಿಯಿದ್ದರೂ ಮೊಳಕೆಯೇ ತಡವಾಗಿ ಕಾಲ ತಪ್ಪುವುದುಂಟು. ಬೀಜದ ಸಿಪ್ಪೆ ಬಹಳ ಗಟ್ಟಿ, ಹಾಗೆಯೇ ಬಿತ್ತಿದರೆ ಕೆಲವು ವಾರದಲ್ಲಿ, ಕೆಲವು ತಿಂಗಳಿನಲ್ಲಿ ಹುಟ್ಟುತ್ತವೆ. ಕಣ್ಣಿನ ಭಾಗವನ್ನು ಬಿಟ್ಟು ಎದುರು ಬದಿಯನ್ನು ಮರಳು ಕಾಗದದ ಮೇಲೆ ನಾಲ್ಕು ಬಾರಿ ಉಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದವನ್ನು ಮತ್ತೆ ಉಜ್ಜಬೇಕು. ಹುಟ್ಟಿದ ಮೇಲೂ ಮೊದಲ ಒಂದು ತಿಂಗಳು ಸಸಿ ಬಹಳ ನಿಧಾನವಾಗಿ ಬೆಳೆಯುತ್ತದೆ. ಅದು ಇದರ ಸ್ವಭಾವ.

ಎರಡನೆಯದು: ರಾತ್ರಿ ನಿಜವಾಗಿ ಕತ್ತಲಾಗಿದೆಯೇ

ದಸರಾ ಮುಗಿದು ದೀಪಾವಳಿ ಕಳೆದರೂ ಹೂವಿನ ಸುಳಿವಿಲ್ಲದಿದ್ದರೆ, ಸೂರ್ಯ ಮುಳುಗಿದ ಮೇಲೆ ಬಳ್ಳಿಯ ಬಳಿ ಹೋಗಿ ನಿಂತು ನೋಡಬೇಕು. ಕಿರಿಹಗಲಿನ ಗಿಡಗಳು ವಾಸ್ತವದಲ್ಲಿ ಅಳೆಯುವುದು ಕತ್ತಲೆಯ ಉದ್ದವನ್ನು. ಆ ಕತ್ತಲೆ ಬೀದಿದೀಪದಿಂದಲೋ ಗೇಟಿನ ದೀಪದಿಂದಲೋ ಮುರಿದುಹೋದರೆ ಗಿಡದ ಪಾಲಿಗೆ ಇನ್ನೂ ಜೂನ್ ತಿಂಗಳೇ. ಮೈಸೂರಿನ ಬಡಾವಣೆಗಳಲ್ಲಿ ಕಾಂಪೌಂಡಿನ ಮೇಲೆ ಬಳ್ಳಿ ಹಬ್ಬಿಸುವವರಿಗೆ ಈ ತೊಂದರೆ ಎದುರಾಗುವ ಸಂಭವ ಹಳ್ಳಿಯವರಿಗಿಂತ ಹೆಚ್ಚು. ಒಂದೇ ದಿನ, ಒಂದೇ ಬೀಜದಿಂದ ಬಿತ್ತಿದ ಸಾಲಿನಲ್ಲಿ ದೀಪದಿಂದ ದೂರವಿರುವ ಗಿಡಗಳು ಹೂಬಿಟ್ಟು ಹತ್ತಿರವಿರುವವು ಬಿಡದೆ ನಿಂತಿದ್ದರೆ ಸಂದೇಹಕ್ಕೆ ಎಡೆಯಿಲ್ಲ. ಒಂದೇ ಗಿಡವಿದ್ದು ಹೋಲಿಕೆ ಸಾಧ್ಯವಿಲ್ಲದಿದ್ದರೆ, ಎಲೆಗಳ ಮಟ್ಟದಲ್ಲಿ ಹಿಡಿದ ದಿನಪತ್ರಿಕೆಯ ಅಕ್ಷರ ಓದಲು ಬರುವಷ್ಟು ಬೆಳಕಿದೆಯೇ ಎಂದು ನಾನು ನೋಡುತ್ತೇನೆ. ಓದಲು ಬಂದರೆ ದೀಪವನ್ನೇ ಮೊದಲು ಅನುಮಾನಿಸುತ್ತೇನೆ. ನಮ್ಮ ಮನೆಯ ದೀಪವಾದರೆ ಸೆಪ್ಟೆಂಬರ್ ಕೊನೆಯಿಂದ ಆರಿಸಬಹುದು ಅಥವಾ ದಿಕ್ಕು ಬದಲಿಸಬಹುದು. ಬೀದಿಯ ದೀಪವಾದರೆ ಬಳ್ಳಿಯ ಜಾಗವನ್ನು ಬದಲಿಸುವುದೇ ದಾರಿ, ಏಕೆಂದರೆ ರಾತ್ರಿ ಓಡಾಡುವವರಿಗೆ ಆ ಬೆಳಕು ಬೇಕು.

ಮೂರನೆಯದು: ಬೀಜ ಯಾವ ಉದ್ದೇಶದ ತಳಿಯದು

ಇದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಒತ್ತಿ ಹೇಳುತ್ತೇನೆ. ಎಲ್ಲ ರೆಕ್ಕೆ ಅವರೆಯೂ ಗೆಡ್ಡೆ ಕಟ್ಟುವುದಿಲ್ಲ. ಗೆಡ್ಡೆಗಾಗಿ ಇದನ್ನು ಬೆಳೆಸುವ ಸಂಪ್ರದಾಯ ಮುಖ್ಯವಾಗಿ ಪಪುವಾ ನ್ಯೂಗಿನಿಯ ಎತ್ತರದ ಪ್ರದೇಶಗಳಲ್ಲೂ ಮ್ಯಾನ್ಮಾರ್‌ನಲ್ಲೂ ಇದೆ, ಅಲ್ಲಿನ ಜನ ತಲೆಮಾರುಗಳಿಂದ ಆರಿಸಿಕೊಂಡು ಬಂದ ತಳಿಗಳು ಅದಕ್ಕೆ ಒಗ್ಗಿವೆ. ನಮ್ಮಲ್ಲಿ ಕೈಯಿಂದ ಕೈಗೆ ದಾಟುವ ಬೀಜದಲ್ಲಿ ಹೆಚ್ಚಿನದು ಎಳೆಗಾಯಿಗಾಗಿ ಉಳಿಸಿಕೊಂಡದ್ದು. 1975ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಈ ಬೆಳೆಯ ಬಗ್ಗೆ ವರದಿ ಹೊರತಂದ ಮೇಲೆ, ಬೀಜದಲ್ಲಿ ಸೋಯಾಕ್ಕೆ ಹತ್ತಿರವಾದ ಪ್ರೋಟೀನು ಮತ್ತು ಎಣ್ಣೆ, ಗೆಡ್ಡೆಯಲ್ಲಿ ಮರಗೆಣಸಿಗಿಂತ ಹಲವು ಪಟ್ಟು ಪ್ರೋಟೀನು ಎಂಬ ಮಾತು ಜಗತ್ತಿನಾದ್ಯಂತ ಹರಡಿತು. ಆ ಮಾತು ನಿಜ. ಆದರೆ ಅಷ್ಟೂ ಗುಣಗಳು ಒಂದೇ ಬಳ್ಳಿಯಲ್ಲಿ ಒಂದೇ ವರ್ಷ ತುಂಬಿ ಬರುತ್ತವೆ ಎಂದು ತಿಳಿದವರು ಕಾಯಿಯ ತಳಿಯಲ್ಲಿ ಗೆಡ್ಡೆ ಹುಡುಕುತ್ತಾ ಕುಳಿತರು. ಬೀಜ ಕೊಟ್ಟವರನ್ನು ಕೇಳಬೇಕಾದ ಪ್ರಶ್ನೆ ಇಷ್ಟೇ: ಈ ಬಳ್ಳಿಯ ಬುಡದಲ್ಲಿ ನೀವು ಗೆಡ್ಡೆ ಅಗೆದು ತಿಂದಿದ್ದೀರಾ? ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ನಡೆದಂಥ ಗೆಡ್ಡೆ ಗೆಣಸು ಮೇಳಗಳಲ್ಲಿ ಬೀಜ ಕೊಳ್ಳುವವರು ಕೂಡ ಕಾಯಿಯ ಚೆಲುವನ್ನು ನೋಡುವುದಕ್ಕಿಂತ ಮೊದಲು ಇದನ್ನು ಕೇಳಬೇಕು.

ನಾಲ್ಕನೆಯದು: ಬೇರಿನ ಮೇಲಿನ ಉಬ್ಬು ಏನು

ಈ ಮೂರೂ ಸರಿಯಿದ್ದ ಮೇಲೆಯೇ ಗುದ್ದಲಿ ಹಿಡಿಯಬೇಕು. ನವೆಂಬರ್‌ನಲ್ಲಿ, ಸಾಲಿನ ಒಂದು ಗಿಡವನ್ನು ಪರೀಕ್ಷೆಗೆಂದು ಮೀಸಲಿಟ್ಟು, ಬುಡದಿಂದ ಒಂದು ಅಡಿ ದೂರದಲ್ಲಿ ಸುತ್ತಲೂ ಅಗೆದು, ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ಮಣ್ಣನ್ನು ಕರಗಿಸಬೇಕು. ಕೈಯಲ್ಲಿ ಹಿಡಿದು ಎಳೆದು ಕಿತ್ತರೆ ನೋಡಬೇಕಾದ ಸಣ್ಣ ಬೇರುಗಳೆಲ್ಲ ಮಣ್ಣಿನಲ್ಲಿಯೇ ಉಳಿದುಹೋಗುತ್ತವೆ.

ತೊಳೆದ ಬೇರಿನಲ್ಲಿ ಮೂರು ಬಗೆಯ ಉಬ್ಬುಗಳು ಇರಬಹುದು, ಇವುಗಳನ್ನು ಒಂದಕ್ಕೊಂದು ಗೊಂದಲ ಮಾಡಿಕೊಳ್ಳುವುದರಿಂದಲೇ ಅರ್ಧ ತಪ್ಪು ಚಿಕಿತ್ಸೆಗಳು ಹುಟ್ಟುತ್ತವೆ. ಮೊದಲನೆಯದು ಗಂಟು, ಅಂದರೆ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳ ಮನೆ. ರೆಕ್ಕೆ ಅವರೆಯಲ್ಲಿ ಇವು ಅಸಾಧಾರಣವಾಗಿ ದೊಡ್ಡದಾಗಿರುತ್ತವೆ, ಕೆಲವು ಒಂದು ಸೆಂಟಿಮೀಟರನ್ನೂ ದಾಟುತ್ತವೆ. ಅಲಸಂದೆಯ ಬೇರು ಕಂಡವರು ಇವನ್ನು ಎಳೆಯ ಗೆಡ್ಡೆಯೆಂದೋ ರೋಗವೆಂದೋ ಭಾವಿಸುವುದುಂಟು. ಗಂಟು ದುಂಡಗಿದ್ದು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಹೆಬ್ಬೆರಳಿನಿಂದ ಉಜ್ಜಿದರೆ ಕಳಚಿ ಬರುತ್ತದೆ. ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣ ಕಂಡರೆ ಅದು ಕೆಲಸ ಮಾಡುತ್ತಿದೆ. ಹಸಿರು ಅಥವಾ ಕಂದು ಬಣ್ಣ ಕಂಡರೆ ಕೆಲಸ ನಿಂತಿದೆ. ಯೂರಿಯಾ ಹೆಚ್ಚಾಗಿ ಕೊಟ್ಟ ಮಡಿಯಲ್ಲಿ ಗಂಟುಗಳು ಕಡಿಮೆ ಇರುವುದು ಸಹಜ, ಏಕೆಂದರೆ ಬೇಕಾದ ಸಾರಜನಕ ಮಣ್ಣಿನಲ್ಲಿಯೇ ಸಿಗುವಾಗ ಗಿಡ ಗಂಟುಗಳನ್ನು ಸಾಕುವುದಿಲ್ಲ. ಈ ಬಳ್ಳಿಯ ಗಂಟು ಕಟ್ಟುವ ಬ್ಯಾಕ್ಟೀರಿಯಾಗಳು ಅಲಸಂದೆಯ ಗುಂಪಿನವೇ ಆದ್ದರಿಂದ, ಅಲಸಂದೆ, ಹುರುಳಿ, ಅವರೆ ಬೆಳೆದ ನಮ್ಮ ಹೊಲಗಳಲ್ಲಿ ಜೀವಾಣು ಗೊಬ್ಬರವನ್ನು ಪ್ರತ್ಯೇಕವಾಗಿ ಕೊಂಡು ತರುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಎರಡನೆಯದು ಗೆಡ್ಡೆ. ಇದು ಬೇರಿನ ಪಕ್ಕಕ್ಕೆ ಅಂಟಿದ್ದಲ್ಲ, ಬೇರೇ ದಪ್ಪವಾದದ್ದು. ಎರಡು ತುದಿ ಸಣ್ಣಗಾಗಿ ನಡುವೆ ಉಬ್ಬಿದ ಕದಿರಿನಂತೆ, ನೆಲದ ಮೇಲ್ಮಟ್ಟದಿಂದ ಹೆಚ್ಚು ಆಳಕ್ಕಿಳಿಯದೆ ಅಡ್ಡಲಾಗಿ ಹಬ್ಬಿದ ಬೇರಿನಲ್ಲಿ ಇದನ್ನು ಹುಡುಕಬೇಕು. ತಾಯಿಬೇರಿನ ಕೆಳಗೆ ಎರಡಡಿ ತೋಡುವುದು ವ್ಯರ್ಥ ಶ್ರಮ. ಸಿಪ್ಪೆ ನಯವಾಗಿದ್ದು ಸೀಳಿದಾಗ ತಿರುಳು ಒಂದೇ ಸಮನಾಗಿ ಬೆಳ್ಳಗಿರುತ್ತದೆ.

ಮೂರನೆಯದು, ಭಯಪಡಬೇಕಾದ್ದು, ಜಂತುಹುಳುವಿನ ಗಂಟು. ಬೇರುಗಂಟು ಜಂತುಹುಳು ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅದು ಸಣ್ಣ ಬೇರುಗಳ ಒಳಹೊಕ್ಕು ಅಲ್ಲಿಯೇ ನೆಲೆಸಿದಾಗ ಬೇರು ಸರಪಣಿಯ ಮಣಿಗಳಂತೆ ಅಡ್ಡಾದಿಡ್ಡಿ ಊದಿಕೊಳ್ಳುತ್ತದೆ. ಉಜ್ಜಿದರೆ ಕಳಚುವುದಿಲ್ಲ, ಎಳೆದರೆ ಬೇರೇ ಹರಿಯುತ್ತದೆ. ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ ಮುತ್ತಿನ ಬಣ್ಣದ ಚಿಕ್ಕ ಚುಕ್ಕಿಗಳು ಕಾಣಿಸಬಹುದು, ಅವು ಹೆಣ್ಣು ಹುಳುಗಳು. ಗೆಡ್ಡೆಗೂ ಇದು ತಗುಲಿ ಮೈಮೇಲೆ ಗುಳ್ಳೆಗುಳ್ಳೆಯಾಗುತ್ತದೆ. ನೆಲದ ಮೇಲೆ ಇದರ ಲಕ್ಷಣವೆಂದರೆ, ಮಣ್ಣಿನಲ್ಲಿ ತೇವವಿದ್ದರೂ ಬಳ್ಳಿ ಮಧ್ಯಾಹ್ನದ ಬಿಸಿಲಿಗೆ ಬಾಡಿ ಸಂಜೆ ಚೇತರಿಸಿಕೊಳ್ಳುವುದು. ರೆಕ್ಕೆ ಅವರೆ ಈ ಹುಳುವಿಗೆ ಬಹಳ ಸುಲಭವಾಗಿ ತುತ್ತಾಗುವ ಬೆಳೆ. ಹಿಂದಿನ ಬೆಳೆ ಟೊಮೆಟೊ, ಬದನೆ ಅಥವಾ ಬೆಂಡೆಯಾಗಿದ್ದರೆ ಹುಳು ಆ ಬೆಳೆಯಲ್ಲೇ ಹೆಚ್ಚಿಕೊಂಡು ಕಾದಿರುವ ಸಾಧ್ಯತೆ ಇದೆ.

ಜಂತುಹುಳುವಿನ ಗಂಟು ಹಿಡಿದ ಗಿಡವನ್ನು ಆ ವರ್ಷ ಗುಣಪಡಿಸಲು ಆಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಬೇರು ಸಮೇತ ಕಿತ್ತು ಒಣಗಿಸಿ ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು, ಅಲ್ಲಿಂದ ಹುಳು ಇಡೀ ತೋಟಕ್ಕೆ ಹರಡುತ್ತದೆ. ಆ ಮಡಿಯಲ್ಲಿ ಮುಂದಿನ ಹಂಗಾಮಿಗೆ ಚೆಂಡು ಹೂವನ್ನು ಒತ್ತಾಗಿ ಬೆಳೆದರೆ ಅದರ ಬೇರು ಹುಳುವಿನ ಸಂಖ್ಯೆಯನ್ನು ತಗ್ಗಿಸುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಆಳವಾಗಿ ಉತ್ತು ಮಣ್ಣನ್ನು ಬಿಸಿಲಿಗೆ ಒಡ್ಡಬೇಕು, ಬಿತ್ತುವ ಮುನ್ನ ಗುಣಿಗೆ ಬೇವಿನ ಹಿಂಡಿ ಬೆರೆಸಬೇಕು. ಗದ್ದೆಯ ಬದಿಯವರಿಗೆ ಮತ್ತೊಂದು ಅನುಕೂಲವಿದೆ: ಒಂದು ಹಂಗಾಮು ನೀರು ನಿಲ್ಲಿಸಿ ಭತ್ತ ಬೆಳೆದ ಮಣ್ಣಿನಲ್ಲಿ ತರಕಾರಿಯ ಬೇರುಗಂಟು ಹುಳು ಬಹಳ ಕಡಿಮೆಯಾಗುತ್ತದೆ. ಖಚಿತವಾಗಬೇಕೆಂದರೆ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ಸಂಶೋಧನಾ ಕೇಂದ್ರದಂಥ ಕಡೆ ಬೇರು ಮತ್ತು ಮಣ್ಣಿನ ಮಾದರಿಯನ್ನು ತೋರಿಸಬಹುದು. ಮಾದರಿಯನ್ನು ಒಣಗಿಸದೆ, ತೇವವಿರುವ ಮಣ್ಣಿನೊಂದಿಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೆರಳಿನಲ್ಲಿಟ್ಟು ಒಯ್ಯಬೇಕು.

ಯಾವ ಉಬ್ಬೂ ಇಲ್ಲದೆ, ಬೇರು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿ ಮಜ್ಜಿಗೆ ಹುಳಿತಂಥ ವಾಸನೆ ಬಂದರೆ ಅದು ನೀರು ನಿಂತದ್ದರ ಫಲ. ಈ ಬಳ್ಳಿ ಮಳೆಯನ್ನು ಬಯಸುತ್ತದೆ, ನಿಂತ ನೀರನ್ನು ಸಹಿಸುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಕಬ್ಬಿನ ಗದ್ದೆಯ ಪಕ್ಕಕ್ಕೆ ಬಿತ್ತುವವರು ಒಂದಡಿ ಎತ್ತರದ ಬೋದು ಏರಿಸಿ ಅದರ ನೆತ್ತಿಯಲ್ಲಿ ಬಿತ್ತಬೇಕು. ಸಡಿಲವಾದ ಬೋದಿನಲ್ಲಿ ಗೆಡ್ಡೆಯೂ ನೇರವಾಗಿ ಬೆಳೆಯುತ್ತದೆ, ಅಗೆಯುವಾಗ ಮುರಿಯುವುದೂ ಕಡಿಮೆ. ಅಚ್ಚುಕಟ್ಟಿನ ಕೊನೆಯ ಭಾಗದ ಜೌಗು, ಚೌಳು ನೆಲದಲ್ಲಿ ಮತ್ತೊಂದು ಲಕ್ಷಣ ಕಾಣಬಹುದು: ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಅದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿದರೆ ಹೊಸ ಚಿಗುರು ಹಸಿರಾಗುತ್ತದೆ. ಹಳದಿ ಬಣ್ಣ ಕೆಳಗಿನ ಹಳೆಯ ಎಲೆಗಳಿಂದ ಆರಂಭವಾಗಿದ್ದರೆ ಅದು ಸಾರಜನಕದ ಕೊರತೆ. ಮತ್ತೆ ಗಂಟುಗಳನ್ನು ಸೀಳಿ ನೋಡಬೇಕು.

ಐದನೆಯದು: ಗಿಡದ ಶಕ್ತಿ ಬೇರೆಡೆಗೆ ಹೋಗುತ್ತಿದೆಯೇ

ಬೇರು ಆರೋಗ್ಯವಾಗಿದ್ದು, ಗೆಡ್ಡೆ ಕಟ್ಟಲು ಆರಂಭವಾಗಿ ಅಷ್ಟಕ್ಕೇ ನಿಂತಿದ್ದರೆ ತಲೆಯೆತ್ತಿ ಚಪ್ಪರವನ್ನು ನೋಡಬೇಕು. ಕಾಯಿ ಗೊಂಚಲು ಗೊಂಚಲಾಗಿ ತೂಗುತ್ತಿದ್ದರೆ ಉತ್ತರ ಅಲ್ಲಿಯೇ ಇದೆ: ಬೀಜ ಬಲಿಸುವ ಕಾಯಿ ಗೆಡ್ಡೆಯ ಪಾಲನ್ನು ಕಸಿದುಕೊಳ್ಳುತ್ತದೆ. ಪಪುವಾ ನ್ಯೂಗಿನಿಯಲ್ಲಿ ಗೆಡ್ಡೆಗೆಂದು ಬೆಳೆಯುವವರು ಹೂವು, ಚಿಗುರುಗಳನ್ನು ಚಿವುಟಿ ತೆಗೆಯುವುದು ಈ ಕಾರಣಕ್ಕೆ. ಸಾಲಿನಲ್ಲಿ ಎರಡು ಗಿಡಗಳನ್ನು ಬೀಜಕ್ಕೂ ಕಾಯಿಗೂ ಬಿಟ್ಟು, ಉಳಿದವುಗಳ ಹೂವನ್ನು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಾಲ್ಕು ದಿನಕ್ಕೊಮ್ಮೆ ಚಿವುಟುವುದು ನಾನು ಪಾಲಿಸುವ ಕ್ರಮ. ಚಿವುಟಿದ ಹೂವನ್ನು ಎಸೆಯಬೇಕಾಗಿಲ್ಲ, ಪಲ್ಯಕ್ಕೆ ಬರುತ್ತದೆ.

ಕಾಯಿಯೂ ಇಲ್ಲ, ಗೆಡ್ಡೆಯೂ ಇಲ್ಲ ಎಂದಾದರೆ ಅಡುಗೆಮನೆಯ ಕಡೆ ನೋಡಬೇಕು. ಸೊಪ್ಪು ರುಚಿಯಾದದ್ದು ಎಂದು ಬುಡದಿಂದ ತುದಿಯವರೆಗೆ ಕೊಯ್ದರೆ ಗೆಡ್ಡೆ ತುಂಬಿಸುವ ಎಲೆ ಉಳಿಯುವುದಿಲ್ಲ. ಸೆಪ್ಟೆಂಬರ್‌ವರೆಗೆ ಧಾರಾಳವಾಗಿ ಕೊಯ್ಯಬಹುದು, ಅಕ್ಟೋಬರ್ ನಂತರ ತುದಿಯ ಎಳೆಚಿಗುರಿಗೆ ಮಾತ್ರ ಕೈ ಹಾಕಬೇಕು. ಇನ್ನು ಹೂವು ಬಂದೂ ತಾನಾಗಿ ಉದುರುತ್ತಿದ್ದರೆ ಸೆಕೆಯನ್ನು ಅನುಮಾನಿಸಬೇಕು. ಹಗಲಿನ ತಾಪ 32 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಈ ಬಳ್ಳಿಗೆ ಹೂವನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟ, ಫೆಬ್ರವರಿ ಕೊನೆಯ ನಂತರ ಬರುವ ಹೂವಿನಿಂದ ಮಂಡ್ಯದಲ್ಲಿ ಹೆಚ್ಚಿನ ಫಲ ನಿರೀಕ್ಷಿಸಬಾರದು. ಹೂವಿನೊಳಗೆ ಜಾಲ ಕಟ್ಟಿ ಹುಳು ಕುಳಿತಿದ್ದರೆ ಅದು ಅವರೆಯನ್ನು ಕಾಡುವ ಕಾಯಿಕೊರಕವೇ, ಅಂಥ ಗೊಂಚಲನ್ನು ಕಿತ್ತು ನಾಶಪಡಿಸಬೇಕು.

ಗೆಡ್ಡೆ ಸಿಕ್ಕಿದ ಮೇಲೆ ಬರುವ ದೂರುಗಳು

ಗೆಡ್ಡೆ ಬಾಯಿಗೆ ನಾರು ನಾರಾಗಿ ಸಿಕ್ಕುವುದು ತಡವಾಗಿ ಅಗೆದದ್ದರಿಂದ. ಕೆಳಗಿನ ಎಲೆಗಳು ಹಣ್ಣಾಗಿ ಉದುರತೊಡಗಿದಾಗ, ನಮ್ಮ ಕಡೆ ಜನವರಿ–ಫೆಬ್ರವರಿಯಲ್ಲಿ, ಅಗೆದುಬಿಡಬೇಕು. ಒಂದು ವರ್ಷ ನೆಲದಲ್ಲಿ ಉಳಿಸಿದ ಗೆಡ್ಡೆ ಬಳ್ಳಿಯನ್ನು ಚಿಗುರಿಸಲು ಆಗುತ್ತದೆಯೇ ಹೊರತು ಊಟಕ್ಕೆ ಆಗುವುದಿಲ್ಲ.

ತಿಂದ ಮೇಲೆ ಹೊಟ್ಟೆ ಉಬ್ಬರಿಸುವುದಕ್ಕೆ ಕಾರಣ ಬೇಯಿಸುವುದರಲ್ಲಿದೆ. ಇದರ ಬೀಜದಲ್ಲಿಯೂ ಗೆಡ್ಡೆಯಲ್ಲಿಯೂ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಟ್ರಿಪ್ಸಿನ್ ನಿರೋಧಕಗಳಿವೆ, ನೀರಿನಲ್ಲಿ ಚೆನ್ನಾಗಿ ಬೇಯಿಸಿದಾಗ ಅವು ಶಕ್ತಿ ಕಳೆದುಕೊಳ್ಳುತ್ತವೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು 1980ರ ದಶಕದಲ್ಲಿಯೇ ರೆಕ್ಕೆ ಅವರೆಯ ಹಸಿ ಹಿಟ್ಟನ್ನೂ ಶಾಖ ಕೊಟ್ಟ ಹಿಟ್ಟನ್ನೂ ಹೋಲಿಸಿ ಅಧ್ಯಯನ ಮಾಡಿದ್ದಾರೆ. ನಮ್ಮ ಊರಿನಲ್ಲಿಯೇ ಇಷ್ಟು ಕೆಲಸ ನಡೆದಿರುವ ಬೆಳೆ ನಮ್ಮ ಹಿತ್ತಲುಗಳಲ್ಲಿ ಅಪರೂಪವಾಗಿರುವುದು ನನಗೆ ಬೇಸರದ ಸಂಗತಿ. ಬೀಜವನ್ನು ರಾತ್ರಿಯಿಡೀ ನೆನೆಸಿ ಆ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಬೇಕು, ಬರೀ ಹುರಿದರೆ ಸಾಲದು. ಗೆಡ್ಡೆಯನ್ನು ಸಿಪ್ಪೆ ಸಮೇತ ಉಪ್ಪು ಹಾಕಿದ ನೀರಿನಲ್ಲಿ ಅರ್ಧ ಗಂಟೆ ಬೇಯಿಸಿದರೆ ಸಿಪ್ಪೆ ತಾನಾಗಿ ಬಿಡಿಸಿಕೊಳ್ಳುತ್ತದೆ, ತಿರುಳಿಗೆ ಚೂರಿ ಸಲೀಸಾಗಿ ಇಳಿಯುತ್ತದೆ. ಚೂರಿ ತಡೆದರೆ ಇನ್ನೂ ಹತ್ತು ನಿಮಿಷ ಒಲೆಯ ಮೇಲಿರಲಿ.

ಅಗೆಯುವ ದಿನವೇ ಮಾಡಬೇಕಾದ ಕೆಲಸ ಇನ್ನೊಂದಿದೆ. ಪ್ರತಿ ಗಿಡದ ಗೆಡ್ಡೆಯನ್ನು ಬೇರೆಬೇರೆಯಾಗಿ ಗುಡ್ಡೆ ಹಾಕಿ, ಯಾವುದರದು ದಪ್ಪವಾಗಿದೆಯೋ ಆ ಗಿಡದ ಒಂದೆರಡು ಸಣ್ಣ ಗೆಡ್ಡೆಗಳನ್ನು ಬುಡದ ತುಂಡಿನ ಸಮೇತ ಅದೇ ಬೋದಿನಲ್ಲಿ ಮತ್ತೆ ಹೂಳಿ ಗೂಟ ನೆಡಬೇಕು. ಮುಂದಿನ ವರ್ಷ ಬೀಜವನ್ನು ಆ ಗೂಟದ ಬಳ್ಳಿಯಿಂದ ಮಾತ್ರ ತೆಗೆದುಕೊಳ್ಳಬೇಕು.